ಸುರಂಗದ ನೀರಿಗೆ ಮುಚ್ಚಳವಿಲ್ಲ

(ಭಾಷಣದ ಲಿಖಿತ ರೂಪ)



ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಗ್ರಾಮ ಪಡ್ರೆ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಅಂಗಳಕ್ಕೆ ಹರಿಸಿಕೊಳ್ಳುವ ಸುರಂಗಗಳು ಆ ನಾಡಿನ ಹಳೆಯ ಜಾಣ್ಮೆ. ಅದೇ ಗುಡ್ಡಗಳ ನೆತ್ತಿಯಲ್ಲಿ ಕೇರಳದ ಸರಕಾರಿ ತೋಟ ನಿಗಮದ ಗೇರುತೋಟಗಳಿದ್ದವು. ಟೀ ಸೊಳ್ಳೆಯನ್ನು ಕೊಲ್ಲುವುದಕ್ಕಾಗಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ವರ್ಷಕ್ಕೆ ಎರಡು ಮೂರು ಬಾರಿ, ಇಪ್ಪತ್ತು ವರ್ಷಗಳಿಗೂ ಮೀರಿ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಬೇಕೆಂಬ ಸೂಚನೆಯಿತ್ತು. ಬಾವಿಯನ್ನೇನೋ ಮುಚ್ಚಬಹುದು, ಗುಡ್ಡಕ್ಕೆ ಮುಚ್ಚಳವನ್ನು ಎಲ್ಲಿಂದ ತರುವುದು?

ಕಾನೂನು ಇರಲಿಲ್ಲವೆಂದು ಹೇಳುವಂತಿಲ್ಲ. 1958ರಲ್ಲಿ ಕೀಟನಾಶಕ ಬೆರೆತ ಹಿಟ್ಟಿನಿಂದ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನರು ಸತ್ತ ಮೇಲೆ ನಡೆದ ವಿಚಾರಣೆಯೇ 1968ರ ಕೀಟನಾಶಕ ಕಾಯಿದೆಗೆ ಹಾದಿಯಾಯಿತು. 1971ರ ನಿಯಮಗಳ ಪ್ರಕಾರ ವೈಮಾನಿಕ ಸಿಂಪಡಣೆಯನ್ನು ಕನಿಷ್ಠ 24 ಗಂಟೆ ಮೊದಲೇ ಸಾರ್ವಜನಿಕರಿಗೆ ತಿಳಿಸಬೇಕು; ಸಂಬಂಧವಿಲ್ಲದ ಜನರೂ ಜಾನುವಾರುಗಳೂ ನಿಗದಿತ ಅವಧಿಯವರೆಗೆ ಆ ಪ್ರದೇಶವನ್ನು ಪ್ರವೇಶಿಸದಂತೆ ತಡೆಯಬೇಕು; ಒಪ್ಪಿತ ಎತ್ತರವನ್ನು ಮೀರಬಾರದು. ತೋಟದ ನಡುವೆಯೇ ಮನೆ, ಶಾಲೆ, ತೋಡುಗಳಿರುವ ಏರಿಳಿತದ ನೆಲದಲ್ಲಿ ಈ ನಿಯಮಗಳು ಕಾಗದದಲ್ಲಿಯೇ ಉಳಿದವು. ಬಯಲುಸೀಮೆಯ ಹೊಲವನ್ನು ಕಣ್ಣಮುಂದಿಟ್ಟುಕೊಂಡು ಬರೆದ ನಿಯಮ ಗುಡ್ಡದ ಬದುಕನ್ನು ಕಾಯಲಾರದು.

ಎಚ್ಚರಿಕೆಯ ಮಾತು ಬಂದದ್ದು ಕಚೇರಿಗಳಿಂದಲ್ಲ, ಊರಿನಿಂದ. ಅಂಗವಿಕಲವಾಗಿ ಹುಟ್ಟಿದ ಕರುಗಳ ಕುರಿತು ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಬರೆದರು. ಗ್ರಾಮದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅಸಹಜ ಸಂಖ್ಯೆಯ ಕಾಯಿಲೆಗಳನ್ನು ಗುರುತಿಸಿದರು. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲೇರಿ ತಡೆಯಾಜ್ಞೆ ಪಡೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ, ಜನ್ಮಜಾತ ವೈಕಲ್ಯವೂ ಕಲಿಕೆಯ ತೊಂದರೆಯೂ ಪಡ್ರೆಯಲ್ಲಿ ಹೆಚ್ಚೆಂದು ಕಂಡುಕೊಂಡಿತು. ಆದರೂ ಕೇಂದ್ರದ ಸಮಿತಿಯೊಂದು ರೋಗಕ್ಕೂ ವಿಷಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂದಿತು. ಸಾಕ್ಷ್ಯ ಒದಗಿಸುವ ಹೊಣೆ ನೊಂದವರ ತಲೆಯ ಮೇಲೆಯೇ ಬಿದ್ದಿತು.

ಗಡಿಯ ಈಚೆಗೂ ಇದೇ ಕಥೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆಯೂ ಹೆಲಿಕಾಪ್ಟರ್ ಹಾರಿತು. ಕರ್ನಾಟಕ ಸರಕಾರ ಎಂಡೋಸಲ್ಫಾನನ್ನು ತಡೆಹಿಡಿದದ್ದು 2011ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ 60ಕ್ಕೂ ಹೆಚ್ಚು ದೇಶಗಳು ಅದನ್ನು ಕೈಬಿಟ್ಟಿದ್ದವು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ತಡೆ ನೀಡಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷಗಳ ತರುವಾಯ, 2022ರಲ್ಲಿ, 3,704 ಸಂತ್ರಸ್ತರಲ್ಲಿ ಕೇವಲ 8 ಮಂದಿಗೆ ಹಣ ಸಂದಿತ್ತೆಂಬುದು ನ್ಯಾಯಾಲಯದ ಮುಂದೆ ಬಯಲಾಯಿತು. ಆ ಎಂಟು ಮಂದಿ ನ್ಯಾಯಾಲಯಕ್ಕೆ ಹೋದವರು. ಹಾಸಿಗೆ ಬಿಟ್ಟೇಳಲಾಗದ ಮಗುವಿನ ತಾಯಿ ದಿಲ್ಲಿಗೆ ಹೋಗುವುದಾದರೂ ಹೇಗೆ?

ಈ ಅನುಭವದಿಂದ ಮೂರು ಬೇಡಿಕೆಗಳು ಹುಟ್ಟುತ್ತವೆ. ಮೊದಲನೆಯದು, ಹೊಣೆಯ ತಕ್ಕಡಿ ತಿರುಗಬೇಕು. ರಾಸಾಯನಿಕವು ನಿರಪಾಯಕಾರಿಯೆಂದು ತೋರಿಸುವ ಭಾರ ಅದನ್ನು ತಯಾರಿಸುವವರದು, ಸಿಂಪಡಿಸುವವರದು. ಮುನ್ನೆಚ್ಚರಿಕೆಯ ತತ್ತ್ವವನ್ನೂ, ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕೆಂಬ ತತ್ತ್ವವನ್ನೂ ಸರ್ವೋಚ್ಚ ನ್ಯಾಯಾಲಯ 1996ರ ವೆಲ್ಲೂರು ಪ್ರಕರಣದಲ್ಲಿಯೇ ಎತ್ತಿಹಿಡಿದಿದೆ. ಕೀಟನಾಶಕದ ನೋಂದಣಿಗೂ ಅದು ಅನ್ವಯಿಸಬೇಕು. ಎರಡನೆಯದು, ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಜಲಮೂಲದ ಮೇಲ್ಭಾಗದಲ್ಲಿ ವಿಷ ಸಿಂಪಡಿಸಕೂಡದು. ಮೂರನೆಯದು, ನಿಷೇಧದೊಡನೆ ಉಳಿದ ದಾಸ್ತಾನಿನ ವಿಲೇವಾರಿ, ನೀರು ಮಣ್ಣುಗಳ ಪರೀಕ್ಷೆ, ಪೀಡಿತರ ಜೀವಮಾನದ ಆರೈಕೆ ಕಡ್ಡಾಯವಾಗಬೇಕು. ನಿಷೇಧದ ಮರುವರ್ಷ, 2012ರಲ್ಲಿಯೂ, ಕಾಸರಗೋಡಿನ ಗೋದಾಮುಗಳಲ್ಲಿದ್ದ ಎಂಡೋಸಲ್ಫಾನನ್ನು ಹೊಸ ಪೀಪಾಯಿಗಳಿಗೆ ತುಂಬಿಡಬೇಕಾಗಿ ಬಂದಿತ್ತು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ಊರಿನಲ್ಲಿ ಯಾವ ವಿಷ, ಯಾವ ದಿನ, ಯಾವ ತೋಟದಲ್ಲಿ ಬಳಕೆಯಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ದಾಖಲಿಸುವುದು. ಹಟ್ಟಿಯ ಕರುವಿನಿಂದ ತೊಟ್ಟಿಲ ಕೂಸಿನವರೆಗೆ ಆದ ವ್ಯತ್ಯಾಸವನ್ನು ಬರೆದಿಡುವುದು. ಪಡ್ರೆಯಲ್ಲಿ ಸತ್ಯ ಹೊರಬಂದದ್ದು ಹಾಗೆ ನೋಡಿದ, ಬರೆದಿಟ್ಟ ಕೆಲವರಿಂದ. ಆ ಬರಹಕ್ಕೆ ಸರಕಾರ ಕಿವಿಗೊಡಲು ಇಪ್ಪತ್ತು ವರ್ಷ ಬೇಕಾಯಿತು. ಇನ್ನೊಂದು ಊರು ಅಷ್ಟು ಕಾಲ ಕಾಯುವಂತಾಗಬಾರದು.