ಹೊಳೆಯ ದಡದ ಊಟ

ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದವರೆಲ್ಲರಿಗೂ ದಾಸೋಹದ ಅನ್ನ ಸಾರಿನ ರುಚಿ ಗೊತ್ತು. ಹರಕೆ ಹೊತ್ತು ಬರುವ ಮಾದಪ್ಪನ ಒಕ್ಕಲಲ್ಲಿ ಹಲವರು ಹರಕೆ ತೀರುವವರೆಗೆ ಮಾಂಸ ಮೀನು ಮುಟ್ಟುವುದಿಲ್ಲ. ಆದರೆ ಅದೇ ಬೆಟ್ಟವನ್ನಿಳಿದು, ಪಾಲಾರ್ ದಾಟಿ, ಗೋಪಿನಾಥಂ ಹಾದು ಕಾವೇರಿಯ ದಡಕ್ಕೆ ಬಂದರೆ ಊಟದ ಲೋಕವೇ ಬೇರೆ. ಅಲ್ಲಿ ಗಾಳಿಯಲ್ಲೇ ಹುರಿದ ಮೀನಿನ ವಾಸನೆ. ಆ ಜಾಗದ ಹೆಸರು ಹೊಗೇನಕಲ್.

ಹೆಸರು ಅಚ್ಚ ಕನ್ನಡದ್ದು. ಬಂಡೆಗಳ ನಡುವೆ ಧುಮುಕುವ ನೀರು ಹೊಗೆಯಂತೆ ಮೇಲೇಳುವುದರಿಂದ ಹೊಗೆಯ ಕಲ್ಲು. ಹೊಳೆಯ ಒಂದು ದಡ ಚಾಮರಾಜನಗರ ಜಿಲ್ಲೆಯದು, ಇನ್ನೊಂದು ದಡ ತಮಿಳುನಾಡಿನ ಧರ್ಮಪುರಿಯದು. ಇಲ್ಲಿನ ಊಟದ ಕ್ರಮ ಸರಳ. ಬಂದವರು ಮೀನು ಕೊಂಡು ಅಡುಗೆಯ ಹೆಂಗಸರ ಕೈಗೆ ಕೊಡುತ್ತಾರೆ. ಅವರು ಅದನ್ನು ಸವರಿ, ಸೀಳಿ, ಖಾರ ಉಪ್ಪು ಅರಿಸಿನ ಹಚ್ಚಿ ಎಣ್ಣೆಯಲ್ಲಿ ಹುರಿದು ಕೊಡುತ್ತಾರೆ. ತಿನ್ನುವುದು ಬಂಡೆಯ ಮೇಲೆ ಕೂತು. ಬಿದಿರಿನ ಹರಿಗೋಲು ನಡೆಸುವವರಿಗೂ ಈ ಅಡುಗೆಯವರಿಗೂ ಹೊಳೆಯೇ ಅನ್ನ. ಹೊಳೆ ತುಂಬಿ ಪ್ರವಾಹ ಬಂದಾಗ ಹರಿಗೋಲು ದಡ ಸೇರುತ್ತದೆ, ಒಲೆ ಆರುತ್ತದೆ.

ನೀರಿನ ಅಂಚಿನಲ್ಲಿ ಕೂತು ಅಲ್ಲಿನದೇ ಮೀನು ತಿನ್ನುವ ಸುಖಕ್ಕೆ ಲೋಕಪ್ರಸಿದ್ಧವಾದ ಜಾಗಗಳಲ್ಲಿ ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳೂ ಸೇರಿವೆ. ಕಡಲ ಮುಂದಿನ ಹೋಟೆಲುಗಳಲ್ಲಿ ಕೂತವರು 'ಹವಾಯಿ ರುಚಿ' ಬೇಕೆಂದು ಕೇಳುತ್ತಾರೆ. ಆ ರುಚಿ ಯಾವುದು? ಅಲ್ಲಿನ ಮೂಲನಿವಾಸಿಗಳ 'ಪೋಕೆ'ಯನ್ನೇ ನೋಡಿ. ಹಸಿ ಮೀನಿನ ಹೋಳು, ಕಡಲುಪ್ಪು, ಕಡಲ ಪಾಚಿ, ಸುಟ್ಟ ಕುಕುಯಿ ಬೀಜದ ಪುಡಿ, ಇಷ್ಟೇ ಹಿಂದಿನ ಪಾಕ. ಇಂದು ಅದಕ್ಕೆ ಬೀಳುವ ಸೋಯಾ ರಸ, ಎಳ್ಳೆಣ್ಣೆಗಳು ಕಬ್ಬಿನ ತೋಟಗಳಿಗೆ ಕೂಲಿಗೆ ಬಂದ ಏಷ್ಯಾದ ಜನರ ಅಡುಗೆಯಿಂದ ಸೇರಿದವು. ಹವಾಯಿಯದೇ ಎಂದು ಬಡಿಸುವ 'ಲೋಮಿ' ಖಾದ್ಯದ ಸಾಲ್ಮನ್ ಮೀನು ಆ ಕಡಲಿನದೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ವಾಯವ್ಯ ಕರಾವಳಿಯಿಂದ ಉಪ್ಪು ಹಾಕಿ ಹಡಗಿನಲ್ಲಿ ತಂದ ಮೀನು ಅದು.

ಇದನ್ನು ಕೇಳಿ ನಗುವ ಮೊದಲು ಹೊಗೇನಕಲ್ಲಿನ ಎಲೆಯನ್ನೊಮ್ಮೆ ನೋಡಬೇಕು. ಅಲ್ಲಿರುವ ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಕಾಟ್ಲಾ ಮತ್ತು ರೋಹು ಕಾವೇರಿಯ ಹುಟ್ಟು ಮೀನುಗಳಲ್ಲ, ಉತ್ತರದ ಹೊಳೆಗಳಿಂದ ತಂದು ಬಿಟ್ಟವು. ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾದ್ದು. ಈ ಮೀನು ಹವಾಯಿಗೆ ಬಂದದ್ದು 1951ರಲ್ಲಿ, ಭಾರತಕ್ಕೆ 1952ರಲ್ಲಿ. ಎರಡು ದೂರದ ದಡಗಳಿಗೆ ಒಂದೇ ಮೀನು ಒಂದು ವರ್ಷದ ಅಂತರದಲ್ಲಿ ನೆಂಟನಾಗಿ ಬಂದು, ಎರಡೂ ಕಡೆ ಮನೆಯವನಾಗಿ ಉಳಿಯಿತು.

ನೆಂಟರು ಬಂದದ್ದೇ ತಪ್ಪೆಂದಲ್ಲ. ಅಡುಗೆಯ ಕೈ ಹೊರಗಿನದನ್ನು ತನ್ನದಾಗಿಸಿಕೊಳ್ಳುತ್ತದೆ; ಮೆಣಸಿನಕಾಯಿ ಇಲ್ಲದ ಸಾರನ್ನು ಇಂದು ಯಾರೂ ನೆನೆಯಲಾರರು. ಮನೆಯವರು ಏನಾದರು ಎಂಬುದು ಕೇಳಬೇಕಾದ ಪ್ರಶ್ನೆ. ಕಾವೇರಿಯ ಮನೆಯ ಮೀನುಗಳಲ್ಲಿ ಹಿರಿಯದು ಬಿಳಿಮೀನು, ಅಂದರೆ ಮಹಶೀರ್. ಅದರಲ್ಲೂ ಗೂನುಬೆನ್ನಿನ, ಕಿತ್ತಳೆ ಬಣ್ಣದ ರೆಕ್ಕೆಯ ಜಾತಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ 120 ಪೌಂಡು ತೂಗಿತ್ತು. ಆ ಗೂನುಬೆನ್ನಿನ ಜಾತಿ ಯಾವುದೆಂದು ವಿಜ್ಞಾನಿಗಳು ಖಚಿತವಾಗಿ ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಗಟ್ಟಿಯಾಗುವ ಹೊತ್ತಿಗೆ ಮೀನೇ ಅಪರೂಪವಾಗಿತ್ತು.

ಕಾರಣಗಳು ಹಲವು. ಮೇಲೆ ಕೃಷ್ಣರಾಜಸಾಗರ, ಕೆಳಗೆ 1934ರಲ್ಲಿ ಮುಗಿದ ಮೆಟ್ಟೂರು. ಹರಿಯುವ ಹೊಳೆ ತುಂಡಾಗಿ, ನೀರಿನ ಏರಿಳಿತ ಮನುಷ್ಯನ ಕೈಗೆ ಬಂತು. ಮರಳು ಬಗೆದದ್ದು, ಸಿಡಿಮದ್ದು ಹಾಕಿ ಮೀನು ಕೊಂದದ್ದು, ಬೇರೆ ಕಡೆಯ ಮಹಶೀರ್ ಮರಿಗಳನ್ನು ತಂದು ಇದೇ ಹೊಳೆಗೆ ಬಿಟ್ಟದ್ದು ಇವೂ ಸೇರಿಕೊಂಡವು.

ತಿನ್ನುವವರಿಗೆ ಒಂದು ಕಟ್ಟಳೆ ಬೇಕೆಂಬುದು ಹಿಂದಿನವರಿಗೆ ತಿಳಿಯದ ಮಾತಲ್ಲ. ಹಳೆಯ ಹವಾಯಿಯಲ್ಲಿ 'ಕಪು' ಎಂಬ ನಿಷೇಧಗಳಿದ್ದವು. ಅವುಗಳಲ್ಲಿ ಅನ್ಯಾಯದವೂ ಇದ್ದವು. ಹೆಂಗಸರು ಗಂಡಸರೊಡನೆ ಕೂತು ಉಣ್ಣುವಂತಿರಲಿಲ್ಲ. 1819ರಲ್ಲಿ ಅರಸ ಲಿಹೋಲಿಹೋ ಹೆಂಗಸರೊಡನೆ ಊಟಕ್ಕೆ ಕೂತು ಅದನ್ನು ಮುರಿದ. ಆದರೆ ಇನ್ನೊಂದು ಕಪು ಮೀನಿನ ಪರವಾಗಿತ್ತು. ವರ್ಷದ ಅರ್ಧ ಭಾಗ 'ಅಕು' ಮೀನು ಹಿಡಿದರೆ 'ಓಪೆಲು'ವನ್ನು ಮುಟ್ಟುವಂತಿಲ್ಲ, ಉಳಿದರ್ಧ ಅದಲುಬದಲು. ನಮ್ಮ ಕಡೆಯೂ ಇದಕ್ಕೆ ಸಾಟಿಯಾದದ್ದು ಇದೆ. ಕಾವೇರಿಯ ಮೇಲಣ ರಾಮನಾಥಪುರದಲ್ಲಿ, ತುಂಗೆಯ ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಮಡುವಿನ ಮೀನಿಗೆ ಯಾರೂ ಕೈ ಹಾಕುವುದಿಲ್ಲ. ಬಂದವರು ಪುರಿ ಎಸೆದು ಕೈ ಮುಗಿಯುತ್ತಾರೆ. ಹೊಳೆಯುದ್ದಕ್ಕೂ ಬಲೆ ಬೀಸಿದರೂ ಈ ಮಡುಗಳಲ್ಲಿ ಬಿತ್ತನೆಯ ಮೀನು ಉಳಿಯುತ್ತದೆ.

ಬೆಟ್ಟದ ಮೇಲೆ ಹರಕೆಯ ಕಟ್ಟಳೆ, ಬೆಟ್ಟದ ಕೆಳಗೆ ಬಾಯಿರುಚಿ ಎಂದು ಇವೆರಡನ್ನು ಎದುರುಬದುರು ನಿಲ್ಲಿಸಬೇಕಾಗಿಲ್ಲ. ಕೆಲವು ದಿನ, ಕೆಲವು ಜಾಗ, ಕೆಲವು ಮೀನುಗಳನ್ನು ಬಿಟ್ಟುಕೊಟ್ಟರೆ ಉಳಿದ ದಿನದ ಊಟಕ್ಕೆ ಹೊಳೆಯಲ್ಲಿ ಮೀನಿರುತ್ತದೆ. ಹೊಗೇನಕಲ್ಲಿನಲ್ಲಿ ಮೀನು ಕೊಳ್ಳುವವರು ತೂಕ ಮತ್ತು ಬೆಲೆಯೊಡನೆ ಅದು ಯಾವ ಮೀನೆಂದೂ ಕೇಳಿದರೆ ಸಾಕು. ಜಿಲೇಬಿ ಎಂದರೆ ಖಾರ ಹಚ್ಚಿ ಹುರಿಸಬಹುದು. ಬಿಳಿಮೀನು ಎಂದರೆ ಅದಕ್ಕೆ ಗಿರಾಕಿ ಇಲ್ಲದಂತಾಗಬೇಕು.