ಮೀನು ಕೊನೆಗೆ ಬರಲಿ

ಮನೆಯಲ್ಲಿ ದೊಡ್ಡದೊಂದು ಅಕ್ವೇರಿಯಂ ಇರಬೇಕೆಂಬುದು ಹಲವರ ಹಂಬಲ. ಅಂಥವರು ಮೊದಲು ಮೀನನ್ನು ಮರೆತು ನೆಲವನ್ನು ನೋಡಬೇಕು. 250 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ತೊಟ್ಟಿಯಲ್ಲಿ 1,200 ಲೀಟರ್ ನೀರು ಹಿಡಿಸುತ್ತದೆ. ನೀರಿನ ತೂಕವೇ 1,200 ಕಿಲೋ. ಗಾಜು, ಮರಳು, ಕಲ್ಲುಗಳ ಭಾರ ಬೇರೆ. ಮಹಡಿಯ ಮೇಲೆ ಇಡುವುದಾದರೆ ಇಂಜಿನಿಯರರ ಅಭಿಪ್ರಾಯ ಪಡೆಯುವುದು ವಿವೇಕ. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುವುದರಿಂದ, ತೊಟ್ಟಿಯ ಎತ್ತರಕ್ಕಿಂತ ಉದ್ದಗಲಗಳನ್ನು ಬೆಳೆಸುವುದು ಲೇಸು. ಮೀನಿಗೂ ಈಜಲು ಬೇಕಾದುದು ಉದ್ದವೇ.

ಇನ್ನು ಫಿಲ್ಟರು. ಅದು ಬರಿಯ ಜರಡಿಯಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ಬೀಡು. ಮೀನು ಹೊರಬಿಡುವ ಅಮೋನಿಯಾ ಮೀನಿಗೇ ವಿಷ. ಈ ಜೀವಿಗಳು ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟು ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ಹಲವು ವಾರಗಳೇ ಬೇಕು. ಮೀನಿಲ್ಲದ ತೊಟ್ಟಿಗೆ ಅಮೋನಿಯಾವನ್ನು ಮಿತವಾಗಿ ಬೆರೆಸಿ ಅವುಗಳನ್ನು ಬೆಳೆಸಬೇಕು. ಬೆರೆಸಿದ ಅಮೋನಿಯಾ ಮತ್ತು ಅದರಿಂದಾದ ನೈಟ್ರೈಟ್ ಎರಡೂ ಬೇಗನೆ ಸೊನ್ನೆಗಿಳಿಯತೊಡಗಿದ ಮೇಲೆಯೇ ಮೀನು ಬಿಡಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ತೆಗೆದೇ ತುಂಬಿಸತಕ್ಕದ್ದು. ವಿದ್ಯುತ್ತು ನಿಂತಾಗ ನೆರವಾಗಲು ಬ್ಯಾಟರಿಯ ಗಾಳಿಪಂಪೊಂದು ಇರಲಿ.

ಕಟ್ಟಕಡೆಗೆ ಮೀನು. ಕೆಂಪು ಗೆರೆಯ ಚೆಲುವಾದ ಡೆನಿಸನ್ ಬಾರ್ಬ್ ನಮ್ಮ ಪಶ್ಚಿಮಘಟ್ಟದ ಹೊಳೆಗಳದ್ದು. ಗುಂಪಾಗಿ ಈಜುವ ಈ ಮೀನಿಗೆ ದೊಡ್ಡ ತೊಟ್ಟಿಯೇ ತಕ್ಕುದು. ಆದರೆ ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿದದ್ದೂ ಒಂದು ಕಾರಣವಾಗಿ ಅದು ಇಂದು ಅಳಿವಿನ ಭೀತಿಯಲ್ಲಿದೆ. ಆದುದರಿಂದ ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ಕೊಳ್ಳೋಣ. ನಮ್ಮ ಹಜಾರದ ಸೊಬಗಿಗಾಗಿ ಹೊಳೆ ಬರಿದಾಗದಿರಲಿ.