ಎರಿ ಹೊಲದ ಪಲ್ಯೆ, ಬಾವಿ ದಂಡೆಯ ಕೇಲ್



ಈ ಸೊಪ್ಪಿನ ಮೇಳದ ರಿಬ್ಬನ್ ಕತ್ತರಿಸುವ ಮೊದಲೇ ಮಳಿಗೆಗಳನ್ನು ಒಂದು ಸುತ್ತು ನೋಡಿಬಂದೆ. ಜನ ಮುತ್ತಿದ್ದು ಕೇಲ್ ಸೊಪ್ಪಿನ ಮಳಿಗೆಯನ್ನು. ಮುತ್ತಲಿ, ಹೊಸದಲ್ಲವೇ! ಅದು ಎಲೆಕೋಸು, ಹೂಕೋಸುಗಳ ಕುಲದ್ದೇ. ಗಡ್ಡೆ ಕಟ್ಟದೆ ಎಲೆಯಾಗಿಯೇ ಉಳಿಯುತ್ತದೆ. ಕಾಶ್ಮೀರದವರು ಅದರ ನೆಂಟ ಹಾಕ್ ಸೊಪ್ಪನ್ನು ಸಾಸಿವೆ ಎಣ್ಣೆ ಹಾಕಿ ಬೇಯಿಸಿ ಅನ್ನದೊಡನೆ ಉಣ್ಣುತ್ತಾರೆ. ನಮ್ಮಲ್ಲಿ ದೀಪಾವಳಿ ಹೊತ್ತಿಗೆ ಸಸಿ ಹಚ್ಚಿದರೆ ಬಿಸಿಲು ಏರುವ ಮುನ್ನ ಹಲವು ಸಲ ಕೀಳಬಹುದು. ಕೆಳಗಿನ ಎಲೆ ಕಿತ್ತು ಸುಳಿ ಬಿಡಬೇಕು. ನಡುವಿನ ದಂಟು ತೆಗೆದು, ಬೆಳ್ಳುಳ್ಳಿ ಒಗ್ಗರಣೆಗೆ ಹೆಸರುಬೇಳೆಯೊಂದಿಗೆ ಹಾಕಿ. ಮೆಂತೆ ಪಲ್ಯೆಗಿಂತ ತುಸು ಹೊತ್ತು ಹೆಚ್ಚು ಬೇಯಬೇಕು.

ಆದರೆ ಅದಕ್ಕೆ ನೀರು ಬೇಕು. ಅಫಜಲಪುರ, ಜೇವರ್ಗಿಯ ಭೀಮಾ ದಂಡೆಯವರಿಗೆ, ಅಮರ್ಜಾ ನೀರು ಸಿಗುವ ಆಳಂದದವರಿಗೆ ಅಡ್ಡಿಯಿಲ್ಲ. ಮಳೆ ನಂಬಿದ ಎರಿ ಹೊಲದವರು ಏನು ಮಾಡಬೇಕು?

ಅವರಿಗೆ ಕಡಲೆ ಇದೆ. ಬಿತ್ತಿ ತಿಂಗಳಾದ ಮೇಲೆ ಕುಡಿ ಚಿವುಟಿದರೆ ಗಿಡ ಟಿಸಿಲೊಡೆದು ಕಾಯಿ ಹೆಚ್ಚು ಹಿಡಿಯುತ್ತದೆ. ಚಿವುಟಿದ್ದು ಪಲ್ಯೆಗೆ. ಎಲೆಯ ಮೇಲಿನ ಸಣ್ಣ ಕೂದಲಿನಿಂದ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಒಸರುವುದರಿಂದ ಹುಳಿ ತಾನಾಗಿಯೇ ಬಂದಿರುತ್ತದೆ. ನೆರಳಲ್ಲಿ ಒಣಗಿಸಿಟ್ಟರೆ ಬೇಸಿಗೆಯಲ್ಲೂ ರೊಟ್ಟಿಗೆ ಜೊತೆ. ಕುಸುಬಿ ಎಲೆಯೂ ಹಾಗೇ, ಮುಳ್ಳು ಬಲಿಯುವ ಮುನ್ನ ಕಿತ್ತರಾಯಿತು. ಇನ್ನು ಎಳ್ಳಮಾವಾಸ್ಯೆಯ ಭಜ್ಜಿ! ಹತ್ತಾರು ಸೊಪ್ಪು, ಹಸಿಕಾಳು, ಗಜ್ಜರಿ, ಬದನೆ ಎಲ್ಲ ಒಂದೇ ಗಡಿಗೆಯಲ್ಲಿ ಕುದ್ದು, ಕಡಲೆ ಹಿಟ್ಟಿನಲ್ಲಿ ಮಂದವಾಗಿ, ಸಜ್ಜಿ ರೊಟ್ಟಿಯ ಜೊತೆ ಬಂದಾಗ, ಹೊಲದಲ್ಲಿ ಚರಗ ಚೆಲ್ಲಿ ಕೂತವರು ಎರಡನೇ ಸಲ ಬೇಡವೆಂದದ್ದನ್ನು ನಾನಂತೂ ಕೇಳಿಲ್ಲ.

ನನ್ನ ತಕರಾರು ಇಷ್ಟೇ. ಬೆಂಗಳೂರಿನ ಮಾಲುಗಳಲ್ಲಿ ಕೇಲ್ ಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ. ನಮ್ಮ ಕಡಲೆ ಕುಡಿ ಉಡಿಯಲ್ಲಿ ಪುಕ್ಕಟೆ ಮನೆಗೆ ಬರುತ್ತದೆ. ಪುಕ್ಕಟೆ ಬಂದದ್ದನ್ನು ಯಾರೂ ಎಣಿಸುವುದಿಲ್ಲ, ಅದನ್ನು ಚಿವುಟಿದ ಹೆಂಗಸಿನ ದುಡಿಮೆಯನ್ನೂ ಎಣಿಸುವುದಿಲ್ಲ. ಇಲ್ಲಿ ಆ ಕುಡಿಗೆ ದರದ ಫಲಕ ಹಚ್ಚಿದ್ದೀರಿ, ಒಳ್ಳೆಯದಾಯಿತು.

ಕೊಳ್ಳುವವರಲ್ಲಿ ಒಂದು ಬೇಡಿಕೆ, ಚೌಕಾಸಿ ಮಾಡಬೇಡಿ. ಬೆಳೆದವರಲ್ಲಿ ಇನ್ನೊಂದು: ಕಾಯಿಕೊರಕಕ್ಕೆ ಔಷಧ ಹೊಡೆದ ಹೊಲದ ಕುಡಿಯನ್ನು ದಯವಿಟ್ಟು ಮಾರಲು ತರಬೇಡಿ.